ಹುಳುಮನೆಗೆ ಒಲೆ ಇಟ್ಟವರು

ಕಳೆದ ತಿಂಗಳು ಕನಕಪುರದಿಂದ ಬರುವಾಗ ಬಸ್ಸಿನಲ್ಲಿ ನನ್ನ ಪಕ್ಕ ಕೂತವರು ರೇಷ್ಮೆ ಇಲಾಖೆಯಿಂದ ನಿವೃತ್ತರಾದವರು. ಮಾತಿಗೆ ಮಾತು ಬೆಳೆದು, ಬಹಳ ವರ್ಷಗಳ ಹಿಂದೆ ನಮ್ಮ ಮನೆಯಲ್ಲಿ ಬಾಡಿಗೆಗಿದ್ದ ಅವರ ಇಲಾಖೆಯವರೊಬ್ಬರ ಸುದ್ದಿ ಕೇಳಿದೆ. "ಅವರು ತೀರ್ಕೊಂಡ್ರಲ್ಲಮ್ಮ. ರಾಯಚೂರಲ್ಲೇ, ಈ ಬೇಸಿಗೇಲಿ" ಅಂದರು. ಸಾವಿನ ಸುದ್ದಿ ಕೇಳಿದಾಗ ಒಬ್ಬೊಬ್ಬರಿಗೆ ಒಂದೊಂದು ಅನ್ನಿಸುತ್ತದೆ. ನನಗೆ ಮೊದಲು ಅನ್ನಿಸಿದ್ದು ಇಷ್ಟು: ಸದ್ಯ, ಬೇಸಿಗೆಯಲ್ಲಿ ಹೋದರು. ಚಳಿಗಾಲವಾಗಿದ್ದರೆ ಪಾಪ, ಎಷ್ಟು ನಡುಗುತ್ತಿದ್ದರೋ! ಆಮೇಲೆ ನನ್ನ ಯೋಚನೆಗೆ ನನಗೇ ನಾಚಿಕೆಯಾಯಿತು. ಅದರ ಹಿಂದೆಯೇ ಕಣ್ಣು ತುಂಬಿತು. ಇಳಿಯುವ ಮುಂಚೆ ಆ ಪುಣ್ಯಾತ್ಮರು ಡೈರಿ ನೋಡಿ ಅವರ ಮನೆಯ ಫೋನ್ ನಂಬರು ಬರೆದುಕೊಟ್ಟರು.

ನಮ್ಮೂರು ಕೈಲಾಂಚದ ಹತ್ತಿರ. ನಾನು ಮದುವೆಯಾಗಿ ಆ ಮನೆಗೆ ಬಂದದ್ದು ರೇಷ್ಮೆಯ ಕಾಲದಲ್ಲಿ. ರಾಗಿ ಹೊಲಗಳೆಲ್ಲ ಹಿಪ್ಪುನೇರಳೆ ತೋಟಗಳಾಗಿದ್ದವು. ಬೆಳಗಾದರೆ ರಾಮನಗರದ ಗೂಡಿನ ಮಾರುಕಟ್ಟೆಗೆ ಹೋಗುವ ಬಸ್ಸಿನ ನೆತ್ತಿಯ ಮೇಲೆ ಜನಕ್ಕಿಂತ ಗೂಡಿನ ಮೂಟೆಗಳೇ ಹೆಚ್ಚು. ಹುಳು ಸಾಕಲು ಬೇರೆ ಮನೆ ಕಟ್ಟಿಸಿದವರು ಊರಿಗೆ ಇಬ್ಬರೋ ಮೂವರೋ. ಉಳಿದವರ ಮನೆಯೇ ಹುಳುಮನೆ. ನಡುಮನೆಯಲ್ಲಿ ಸ್ಟ್ಯಾಂಡು ನಿಲ್ಲಿಸಿ, ಬಿದಿರಿನ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿ ಹುಳುಗಳನ್ನು ಒಳಗೆ ಮಲಗಿಸುತ್ತಿದ್ದೆವು. ನಾವು ಜಗಲಿಯ ಮೇಲೆ ಮಲಗುತ್ತಿದ್ದೆವು. "ಈ ಮನೇಲಿ ಹುಳುಕ್ಕೆ ಇರೋ ಮರ್ವಾದೆ ಮನ್ಸರಿಗಿಲ್ಲ" ಎಂದು ನನ್ನ ಗಂಡ ಗೊಣಗಿದರೆ ನಮ್ಮತ್ತೆ, "ನೀನೂ ಗೂಡು ಕಟ್ಟು, ನಿಂಗೂ ಮರ್ವಾದೆ ಕೊಡ್ತೀನಿ" ಅನ್ನುತ್ತಿದ್ದರು.

ಆ ಮನೆಯ ಜಗಲಿ ಪಕ್ಕದ ಕೋಣೆಗೆ ಅವರು ಬಾಡಿಗೆಗೆ ಬಂದರು. ರೇಷ್ಮೆ ಇಲಾಖೆಯ ಡೆಮಾನ್‌ಸ್ಟ್ರೇಟರ್. ಆ ಪದವನ್ನು ಊರಲ್ಲಿ ಯಾರೂ ಪೂರ್ತಿ ಹೇಳಲಿಲ್ಲ. ನಮ್ಮತ್ತೆಯ ಬಾಯಲ್ಲಿ ಅದು 'ಡಮಾನ್ ಸಾರು' ಆಯಿತು, ಅದೇ ನಿಂತಿತು. ವಯಸ್ಸು ಮೂವತ್ತೈದರ ಆಸುಪಾಸು, ಮದುವೆ ಇಲ್ಲ. ರಾಯಚೂರಿನ ಬಿಸಿಲಲ್ಲಿ ಬೆಳೆದ ಜೀವ. ಕಾರ್ತೀಕ ಮಾಸ ಇನ್ನೂ ಕಾಲಿಟ್ಟಿರಲಿಲ್ಲ, ನಾವಿನ್ನೂ ಸೆಕೆ ಅನ್ನುತ್ತಿದ್ದೆವು. ಆ ಹೊತ್ತಿನಲ್ಲಿ ಈ ಮನುಷ್ಯ ಸ್ವೆಟರ್ ಹಾಕಿ, ಮಫ್ಲರ್ ಸುತ್ತಿ, ಕಿವಿ ಮುಚ್ಚುವ ಮಂಕಿ ಕ್ಯಾಪ್ ಎಳೆದುಕೊಂಡು ಬಸ್ಸಿಳಿದರು. ನಮ್ಮತ್ತೆ ಅವರನ್ನು ಮೇಲಿಂದ ಕೆಳಗೆ ನೋಡಿ ನನ್ನ ಕಿವಿಯಲ್ಲಿ, "ಮೂಗೊಂದು ಕಾಣ್ತೈತೆ. ಅದೂ ಮುಚ್ಕೊಂಡಿದ್ರೆ ಯಾರ್ ಬಂದವ್ರೆ ಅಂತ ಗೊತ್ತಾಯ್ತಿರ್ಲಿಲ್ಲ" ಅಂದರು.

ಅವರಿಗೆ ಎರಡು ಆಸ್ತಿ. ಒಂದು, ಅಂಗಿ ಜೇಬಿನಲ್ಲಿ ಸದಾ ಇರುತ್ತಿದ್ದ ಥರ್ಮಾಮೀಟರು. ಅದು ಹುಳುಮನೆಯ ಶಾಖ ನೋಡಲು ಇಲಾಖೆ ಕೊಟ್ಟದ್ದು. ಅವರು ಅದರಲ್ಲಿ ಸ್ನಾನದ ನೀರು ನೋಡುತ್ತಿದ್ದರು, ಹಾಸಿಗೆ ನೋಡುತ್ತಿದ್ದರು, ಒಂದು ಸಲ ನಾನು ಕೊಟ್ಟ ಮಜ್ಜಿಗೆಯಲ್ಲೂ ಅದ್ದಿ ನೋಡಿ, "ಇದು ಭಾಳ ತಂಪೈತ್ರೀ ಅಕ್ಕಾರ, ಮಧ್ಯಾಹ್ನ ಕುಡೀತೀನಿ" ಎಂದು ಮುಚ್ಚಿಟ್ಟರು. ಇನ್ನೊಂದು ಆಸ್ತಿ, ಒಂದು ಮಾತು: "ವಿಚಾರ ಮಾಡಿ ಹೇಳ್ತೀನ್ರೀ." ಕಾಫಿಯೋ ಟೀಯೋ ಎಂದು ಕೇಳಿದರೂ ಅದೇ ಮಾತು. ಅವರು ವಿಚಾರ ಮಾಡಿ ಮುಗಿಸುವಷ್ಟರಲ್ಲಿ ಒಲೆ ಆರಿರುತ್ತಿತ್ತು.

ಮುದ್ದೆಯನ್ನು ನುಂಗದೆ ಅಗಿಯುತ್ತಿದ್ದರು. ಜೋಳದ ರೊಟ್ಟಿಯ ಹಲ್ಲು, ಪಾಪ, ಸುಮ್ಮನಿರುವುದು ಹೇಗೆ? ಅಗಿದಷ್ಟೂ ಅಂಟುತ್ತಿತ್ತು. "ಬಾಯಿಗ್ ಗಾರೆ ಮೆತ್ಕೊಂಡವ್ರಂಗೆ ಆಡ್ತೀಯಲ್ಲಪ್ಪ" ಎಂದು ನಮ್ಮತ್ತೆ ನಕ್ಕರೆ, ಬಾಯಿ ಬಿಡಲಾಗದೆ ಕೈಯಲ್ಲೇ ನಮಸ್ಕಾರ ಮಾಡುತ್ತಿದ್ದರು.

ಆದರೆ ಹುಳುವಿನ ವಿಷಯಕ್ಕೆ ಬಂದರೆ ಅವರು ಬೇರೆಯೇ ಮನುಷ್ಯ. ಹಿಂದಿನ ವರ್ಷ ಚಳಿಗಾಲದಲ್ಲಿ ನಮ್ಮ ಇಡೀ ಬೆಳೆ ಸುಣ್ಣಕಟ್ಟು ರೋಗಕ್ಕೆ ಹೋಗಿತ್ತು. ಚಳಿ ಮತ್ತು ತೇವ ಸೇರಿದರೆ ಬರುವ ರೋಗ ಅದು. ಹುಳು ಸತ್ತು, ಬೆಳ್ಳಗೆ, ಗಟ್ಟಿಯಾಗಿ, ಬಳಪದ ಕಡ್ಡಿಯ ಹಾಗೆ ಬಿದ್ದಿರುತ್ತದೆ. ಆ ಕಡ್ಡಿಗಳನ್ನು ನಮ್ಮತ್ತೆಯೇ ಮೊರದಲ್ಲಿ ತುಂಬಿ ಹೂತು ಬಂದಿದ್ದರು. ಆದ್ದರಿಂದ ಈ ವರ್ಷ ಏನಾದರೂ ಸರಿ, ಹುಳುಮನೆ ಬೆಚ್ಚಗಿರಬೇಕು ಎಂದು ನಮ್ಮತ್ತೆ ಹಟ ತೊಟ್ಟಿದ್ದರು. ಅವರಿಗೆ ಗೊತ್ತಿದ್ದ ದಾರಿ ಒಂದೇ. ಬಾಂಡ್ಲಿಯಲ್ಲಿ ಇದ್ದಿಲ ಕೆಂಡ ತುಂಬಿ ನಡುಮನೆಯಲ್ಲಿಟ್ಟು, ಕಿಟಕಿ ಬಾಗಿಲ ಸಂದುಗಳಿಗೆ ಗೋಣಿಚೀಲ ತುರುಕುವುದು.

ಡಮಾನ್ ಸಾರಿಗೂ ನಮ್ಮತ್ತೆಗೂ ಮೊದಲ ಜಗಳ ಬಂದದ್ದು ಅಲ್ಲೇ.

"ಅವ್ವಾರ, ಕೆಂಡ ಬ್ಯಾಡ್ರೀ. ಅದರ ಗಾಳಿ ಹುಳಕ್ಕ ಆಗಿಬರಂಗಿಲ್ಲ."

"ಹೊಗೆನೇ ಇಲ್ವಲ್ಲಪ್ಪ, ಬರೀ ಕೆಂಡ. ನಮ್ಮಾವ್ನೋರ್ ಕಾಲ್ದಿಂದ್ಲೂ ಇಟ್ಟೀವಿ."

"ಕಾಣೋ ಹೊಗಿಕಿಂತ ಕಾಣದ ಹೊಗಿ ಕೆಟ್ಟದ್ರೀ. ಹುಳಕ್ಕ ಮೂಗಿಲ್ಲಂತ ತಿಳಕೊಂಡೀರೇನು? ಮೈಯ ಎರಡೂ ಮಗ್ಗಲಕ್ಕ ಸಾಲಾಗಿ ಉಸುರಾಡೋ ತೂತು ಅದಾವ. ಮೈ ತುಂಬಾ ಮೂಗು ಅನ್ರಿ."

ನಮ್ಮತ್ತೆ ಒಂದು ಕ್ಷಣ ಯೋಚಿಸಿ, "ಅಯ್ಯೋ ಸಿವ್ನೇ, ಅವಕ್ಕೆ ನೆಗ್ಡಿ ಆದ್ರೆ ಏನ್ ಗತಿ?" ಅಂದರು. ನಾವೆಲ್ಲ ನಕ್ಕೆವು. ಡಮಾನ್ ಸಾರು ಮಾತ್ರ ನಗದೆ, "ಅದಕ್ಕರೀ ನಾ ಹೇಳೋದು" ಅಂದರು.

ಹೊಗೆ ಹೊರಗೆ ಹೋಗಬೇಕು, ಶಾಖ ಒಳಗೆ ಉಳಿಯಬೇಕು. ಅಂಥದ್ದೊಂದು ಒಲೆ ಬೇಕು ಎಂದು ಅವರ ಹುಡುಕಾಟ ಶುರುವಾಯಿತು. ಕೈಯಲ್ಲೊಂದು ನೋಟುಬುಕ್ಕು. ಕನಕಪುರದ ಕಡೆ ಯಾರೋ ಕರೆಂಟಿನ ಹೀಟರ್ ಇಟ್ಟಿದ್ದಾರೆಂದು ಅಲ್ಲಿಗೆ ಹೋಗಿಬಂದರು. ನಮ್ಮೂರಿನ ಕರೆಂಟಿಗೆ ಬಲ್ಬೇ ಮಿಣುಕುಹುಳದ ಹಾಗೆ ಉರಿಯುತ್ತಿತ್ತು, ಹೀಟರ್ ಎಲ್ಲಿ ಕಾಯಬೇಕು? ಸೀಮೆಎಣ್ಣೆ ಸ್ಟವ್ ನೋಡಿದರು. ವಾಸನೆ. ಮಾಗಡಿ ಕಡೆ ಒಬ್ಬರು ಗೋಡೆಯೊಳಗೇ ಇಟ್ಟಿಗೆಯ ಗೂಡು ಕಟ್ಟಿ ಹೊರಗಿನಿಂದ ಸೌದೆ ಹಾಕುವುದನ್ನು ನೋಡಿ ಎರಡು ದಿನ ಅದನ್ನೇ ಹೊಗಳಿದರು. ಮೂರನೆಯ ದಿನ ನಮ್ಮ ಮಣ್ಣಿನ ಗೋಡೆಯನ್ನು ತಟ್ಟಿ ನೋಡಿ, ಇದು ತಡೆಯುವುದಿಲ್ಲ ಎಂದು ಕೈಬಿಟ್ಟರು. ಚನ್ನಪಟ್ಟಣದಲ್ಲಿ ಬೊಂಬೆ ಮಾಡುವವರ ಮನೆಯಲ್ಲಿ ಮರದ ಹೊಟ್ಟಿನ ಒಲೆ ಕಂಡರು. ಅದು ಅವರ ಮನಸ್ಸಿಗೆ ಬಂತು. ಹೊಟ್ಟು ನಿಧಾನವಾಗಿ, ಒಂದೇ ಸಮ ಉರಿಯುತ್ತದೆ. ಆದರೆ ಗಟ್ಟಿಸಿ ತುಂಬುವುದು ಕಷ್ಟ, ಮಧ್ಯೆ ಕುಸಿದರೆ ಹೊಗೆ. ಅದನ್ನೇ ಉಂಡೆ ಕಟ್ಟಿ ಒಣಗಿಸಿ ಉರಿಸಿದರೆ?

ಚನ್ನಪಟ್ಟಣದಿಂದ ಮೂರು ಮೂಟೆ ಹೊಟ್ಟು ಬಂತು. ಅದರಲ್ಲಿ ಬೊಂಬೆಗೆ ಬಳಿದ ಅರಗಿನ ಕೆಂಪು, ಹಳದಿ ಚೂರುಗಳು ಅಲ್ಲಲ್ಲಿ ಇದ್ದವು. ಅರಗಿನ ಹೊಗೆ ಹುಳುವಿಗೆ ಆಗುತ್ತದೋ ಇಲ್ಲವೋ ಎಂದು ಆ ಸರ್ಕಾರಿ ನೌಕರರು ಎರಡು ಭಾನುವಾರ ಜಗಲಿಯ ಎಳೆಬಿಸಿಲಲ್ಲಿ ಕೂತು, ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ಬಣ್ಣದ ಚೂರು ಆರಿಸಿದರು. ಆಮೇಲೆ ಸಗಣಿ ಬೆರೆಸಿ ಉಂಡೆ ಕಟ್ಟಲು ಹೋದರೆ ಎಲ್ಲ ಒಡೆದುಹೋಗುತ್ತಿದ್ದವು. ನೋಡಲಾರದೆ ನಮ್ಮತ್ತೆ ಸೆರಗು ಸಿಕ್ಕಿಸಿಕೊಂಡು ಕೂತರು. "ಅತ್ಲಾಗ್ ಸರ್ಕೊಳಪ್ಪ. ಅಂಗೈ ಒಸಿ ಒದ್ದೆ ಮಾಡ್ಕೋ. ಇಂಗೆ ಉಳ್ಳುಸ್ಬೇಕು, ಅಮುಕ್ಬಾರ್ದು." ಮುದ್ದೆ ಕಟ್ಟಿ ಪಳಗಿದ ಕೈ. ನಿಂಬೆಗಾತ್ರದ ಉಂಡೆಗಳು ಸಾಲಾಗಿ ಉರುಳಿದವು. ಕೊನೆಗೆ ಅವರಿಗೂ ಬಂತು. "ನುಂಗಕ್ ಬರ್ದಿದ್ರೂ ಕಟ್ಟಕ್ ಬಂತಲ್ಲ, ಸಾಕು ಬುಡು" ಎಂದು ನಮ್ಮತ್ತೆ ಪಾಸು ಮಾಡಿದರು.

ಹೀಗೆ ಉಂಡೆಗಳು ಒಣಗಿ ಮೂಟೆ ಸೇರಿದವು. ಒಲೆ ಮಾತ್ರ ಬರಲಿಲ್ಲ. ರಾಮನಗರದಲ್ಲಿ ತಗಡಿನ ಕೆಲಸ ಮಾಡುವ ಒಬ್ಬ ಸಾಬರು ಎಣ್ಣೆ ಡ್ರಮ್ಮು ಕತ್ತರಿಸಿ ಮಾಡಿಕೊಡುತ್ತೇನೆ ಅಂದಿದ್ದರು. ಬಾಗಿಲು ಮುಂದಿರಬೇಕೋ ಪಕ್ಕಕ್ಕೋ, ಕೊಳವೆ ಎಷ್ಟು ದಪ್ಪ ಇರಬೇಕು, ಎಲ್ಲದಕ್ಕೂ ಇವರದು "ವಿಚಾರ ಮಾಡಿ ಹೇಳ್ತೀನ್ರೀ." ನೋಟುಬುಕ್ಕಿನಲ್ಲಿ ಒಲೆಯ ಚಿತ್ರಗಳು ಹನ್ನೊಂದಾದವು.

"ಕೂಸು ಹುಟ್ಟೋಕ್ ಮುಂಚೆ ಕುಲಾವಿ ಹೊಲ್ದ್ರಂತೆ, ಅಂಗಾಯ್ತು ನಿಂದು. ಏನಪ್ಪ, ನೀನು ಹೆಣ್ಣು ನೋಡಿದ್ದೂ ಇಂಗೇಯಾ?" ಎಂದು ನಮ್ಮತ್ತೆ ಕೇಳಿದರು.

ಅವರು ಕ್ಯಾಪಿನೊಳಗೇ ನಾಚಿಕೊಂಡು, "ಆರು ನೋಡೀನ್ರೀ ಅವ್ವಾರ. ವಿಚಾರ ಮಾಡಿ ಹೇಳ್ತೀನಂದೆ. ಅಷ್ಟರಾಗ ಆರೂ ಮಂದೀದು ಲಗ್ನ ಆಗಿಹೋತು" ಅಂದರು.

ಧನುರ್ಮಾಸ ಬಂತು. ಆ ವರ್ಷ ಬೆಟ್ಟಗಳ ಮೇಲಿನ ಮಂಜು ಹತ್ತು ಗಂಟೆಯಾದರೂ ಕರಗುತ್ತಿರಲಿಲ್ಲ. ನಮ್ಮ ಹುಳುಗಳು ನಾಲ್ಕನೆಯ ಜ್ವರಕ್ಕೆ ಕೂತಿದ್ದವು. ಹುಳು ಮೇವು ಬಿಟ್ಟು, ತಲೆ ಎತ್ತಿ ಅಲುಗದೆ ಕೂತು ಪೊರೆ ಕಳಚುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತೇವೆ. ಆ ಒಂದು ದಿನ ಚಳಿ ತಗುಲಬಾರದು. ಇದನ್ನು ದಾಟಿಕೊಂಡರೆ ಎಂಟು ಹತ್ತು ದಿನಕ್ಕೆ ಗೂಡು. ನಮ್ಮತ್ತೆ ಬೆಳಗಿನ ಜಾವವೇ ಎದ್ದು, ಒಂದರ ಬದಲು ಎರಡು ಬಾಂಡ್ಲಿ ಕೆಂಡ ಒಳಗಿಟ್ಟುಕೊಂಡು, ಸಂದುಗೊಂದು ಚೀಲ ತುರುಕಿ, ಬಾಗಿಲೆಳೆದುಕೊಂಡು ಹುಳುವಿನ ಕಾವಲಿಗೆ ಕೂತರು.

ನಾನು ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದೆ. ಏಳು ಗಂಟೆಗೆ ಡಮಾನ್ ಸಾರು ಎಂದಿನಂತೆ ಥರ್ಮಾಮೀಟರು ನೋಡಲು ಹೋದರು. ಬಾಗಿಲು ತೆರೆದ ಸದ್ದು ಕೇಳಿಸಿತು. ಅದರ ಹಿಂದೆಯೇ, "ಅಕ್ಕಾರ! ಬರ್ರೀ ಲಗೂನ!" ಎಂಬ ಕೂಗು.

ಹೋಗಿ ನೋಡಿದರೆ ಅವರು ನಮ್ಮತ್ತೆಯನ್ನು ಎರಡೂ ತೋಳಲ್ಲಿ ಎತ್ತಿಕೊಂಡು ಹೊರಗೆ ಬರುತ್ತಿದ್ದರು. ನಮ್ಮತ್ತೆಯ ತಲೆ ಜೋತುಬಿದ್ದಿತ್ತು, ಕಣ್ಣು ಅರ್ಧ ಮುಚ್ಚಿತ್ತು. ಅಂಗಳದಲ್ಲಿ ಮಲಗಿಸಿ, ಮರುಕ್ಷಣ ತಮ್ಮ ಸ್ವೆಟರ್ ಬಿಚ್ಚಿ ಅವರಿಗೆ ಹೊದಿಸಿದರು. ಮಂಕಿ ಕ್ಯಾಪ್ ಎಳೆದು ಅವರ ತಲೆಗೆ ಹಾಕಿದರು. ಮತ್ತೆ ಒಳಗೆ ಓಡಿ, ಕೈ ಸುಟ್ಟುಕೊಂಡು ಎರಡೂ ಬಾಂಡ್ಲಿ ಹೊರಗೆಸೆದು, ಚೀಲಗಳನ್ನು ಕಿತ್ತು, ಕಿಟಕಿಗಳನ್ನೆಲ್ಲ ತೆರೆದರು. ಬರೀ ಅಂಗಿಯಲ್ಲಿ ಆ ಮಂಜಿನಲ್ಲಿ ನಿಂತರು. ಅವರ ತಲೆಯಲ್ಲಿ ದಟ್ಟವಾದ ಗುಂಗುರು ಕೂದಲಿದೆ ಎಂಬುದು ನಮಗೆ ಅವತ್ತೇ ಗೊತ್ತಾದದ್ದು.

ನಾನು ಅತ್ತೆಯ ಅಂಗಾಲು ಉಜ್ಜುತ್ತಿದ್ದೆ. ನನ್ನ ಗಂಡ ತೋಟದಿಂದ ಓಡಿಬಂದರು. ಎಷ್ಟು ಹೊತ್ತಾಯಿತೋ, ನನಗೆ ಒಂದು ಯುಗ. ನಮ್ಮತ್ತೆ ಕೆಮ್ಮಿ, ವಾಂತಿ ಮಾಡಿಕೊಂಡು, ಕಣ್ಣು ಬಿಟ್ಟರು. ಮೊದಲು ಆಡಿದ ಮಾತು:

"ಕಿಟ್ಕಿ ಮುಚ್ರೋ... ಹುಳ ಸತ್ತೋಯ್ತವೆ."

ಡಮಾನ್ ಸಾರು ಯಾರ ಮೇಲಾದರೂ ದನಿ ಎತ್ತಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. "ಹುಳ ಸತ್ರ ಇನ್ನೊಂದು ಸಲ ಮೊಟ್ಟಿ ತಂದುಕೊಡ್ತೀನಿ! ನಿಮ್ಮನ್ ಎಲ್ಲಿಂದ ತಂದುಕೊಡ್ಲಿ?" ಅಂದರು. ಅವರ ಗಲ್ಲ ನಡುಗುತ್ತಿತ್ತು. ಅದು ಚಳಿಗಲ್ಲ ಎಂದು ಎಲ್ಲರಿಗೂ ಗೊತ್ತಾಯಿತು. ಯಾರೂ ತಮಾಷೆ ಮಾಡಲಿಲ್ಲ.

ನಮ್ಮತ್ತೆ ಮೈಮೇಲಿನ ಸ್ವೆಟರ್ ಎಳೆದುಕೊಂಡು, "ಆಯ್ತು ಕಣಪ್ಪ. ನಿನ್ ಒಲೆ ಅದೇನ್ ತತ್ತೀಯೋ ತಗೊಂಬಾ" ಅಂದರು.

ಅವತ್ತು ಡಮಾನ್ ಸಾರು ವಿಚಾರ ಮಾಡಲಿಲ್ಲ. ಊರಿನಲ್ಲೊಬ್ಬರ ಗಾಡಿಯಲ್ಲಿ ನಮ್ಮತ್ತೆಯನ್ನೂ ನನ್ನ ಗಂಡನನ್ನೂ ಆಸ್ಪತ್ರೆಗೆ ಕಳಿಸಿದರು. ತಾವು ಮೊದಲ ಬಸ್ಸಿಗೆ ರಾಮನಗರಕ್ಕೆ ಹೋದರು. ಹೋಗುವ ಮುಂಚೆ ನನಗೆ ಹೇಳಿದ್ದು ಒಂದು ಕೆಲಸ: ಒಂದು ಗಂಟೆ ಗಾಳಿಯಾಡಿದ ಮೇಲೆ ಕಿಟಕಿ ಮುಚ್ಚಿ, ಬಚ್ಚಲ ಹಂಡೆಯಲ್ಲಿ ನೀರು ಕುದಿಸಿ, ಬಿಂದಿಗೆಗಳಿಗೆ ತುಂಬಿ ಬಾಯಿ ಬಿಗಿದು ಸ್ಟ್ಯಾಂಡುಗಳ ನಡುವೆ ಇಡುತ್ತಿರುವುದು. ಆರಿದಂತೆಲ್ಲ ಬದಲಾಯಿಸುವುದು. ನೆರೆಮನೆಯ ಹೆಂಗಸರು ತಂತಮ್ಮ ಬಿಂದಿಗೆ ಹಿಡಿದು ಬಂದರು. ಮಧ್ಯಾಹ್ನದವರೆಗೆ ನಾವು ಏಳೆಂಟು ಜನ ಬಿಸಿನೀರು ಹೊತ್ತೆವು. ಹುಳುಗಳು ತಲೆ ಎತ್ತಿಕೊಂಡು ಹಾಗೇ ಕೂತಿದ್ದವು. ಬದುಕಿವೆಯೋ ಇಲ್ಲವೋ, ಮುಟ್ಟಿ ನೋಡುವ ಹಾಗಿಲ್ಲ.

ಎರಡು ಗಂಟೆಯ ಬಸ್ಸಿನ ನೆತ್ತಿಯಿಂದ ಒಲೆ ಇಳಿಯಿತು. ಗಿಡ್ಡ ಡ್ರಮ್ಮು, ಮುಂದೆ ಚಿಕ್ಕ ಬಾಗಿಲು, ಮೇಲೆ ಬಿಗಿ ಮುಚ್ಚಳ, ಎರಡಾಳುದ್ದದ ತಗಡಿನ ಕೊಳವೆ. ಜೊತೆಗೆ ತಗಡಿನ ಸಾಬರೂ ಇಳಿದರು. ಡ್ರಮ್ಮಿನ ಬಣ್ಣ, ಎಣ್ಣೆ ಸುಟ್ಟುಹೋಗಲೆಂದು ಮೊದಲು ಅಂಗಳದಲ್ಲೇ ಸೌದೆ ತುಂಬಿ ಉರಿಸಿದರು. ಆರಿದ ಮೇಲೆ ಒಳಗೆ ನಾಲ್ಕು ಇಟ್ಟಿಗೆಯ ಮೇಲೆ ಕೂರಿಸಿ, ಕಿಟಕಿಯ ಮೇಲಿನ ಗವಾಕ್ಷಿಯಿಂದ ಕೊಳವೆ ಹೊರಗೆ ಹಾಯಿಸಿ, ಸುತ್ತ ಮಣ್ಣು ಮೆತ್ತಿದರು. ಡಮಾನ್ ಸಾರು ಉಂಡೆಗಳನ್ನು ತುಂಬಿ ಕಡ್ಡಿ ಗೀರಿದರು.

ಹೊಗೆ ಒಂದು ಕ್ಷಣ ಕೊಳವೆಯಲ್ಲಿ ಏರಿತು. ಮರುಕ್ಷಣ ಒಲೆಯ ಬಾಯಿಂದಲೇ ಬುಸುಬುಸು ವಾಪಸು ಬಂತು. ಎಲ್ಲರೂ ಸೆರಗಿನಲ್ಲಿ ಕಣ್ಣೊತ್ತಿಕೊಂಡೆವು. ಅವರು ಒದ್ದೆ ಚೀಲ ಹಾಕಿ ಬೆಂಕಿ ಆರಿಸಿ, ಹನ್ನೊಂದು ಚಿತ್ರದ ನೋಟುಬುಕ್ಕು ತೆಗೆದು ಹುಡುಕತೊಡಗಿದರು. ತಗಡಿನ ಸಾಬರು ಹೊರಗೆ ಹೋಗಿ, ಬೆರಳು ಒದ್ದೆ ಮಾಡಿ ಗಾಳಿಗೆ ಹಿಡಿದು ಒಳಗೆ ಬಂದು, "ಪುಸ್ತಕ ಮುಚ್ಚಿ ಸಾರ್. ಗಾಳಿ ಈ ಕಡೆಯಿಂದ ಬರ್ತಾ ಐತೆ, ಪೈಪಿನ ಬಾಯೂ ಈ ಕಡೇಗೇ ಐತೆ. ಹೊಗೆ ಹೆಂಗೆ ಹೋಗ್ತದೆ?" ಅಂದರು. ಒಂದು ಮೊಣಕೈ ತುಂಡು ಜೋಡಿಸಿ ಬಾಯನ್ನು ಸೂರಿಗಿಂತ ಮೇಲಕ್ಕೆತ್ತಿ, ತಲೆಗೊಂದು ತಗಡಿನ ಟೋಪಿ ಹಾಕಿದರು. ಈ ಸಲ ಹೊಗೆ ಸೂರಿನ ಮೇಲೆ ನೆಟ್ಟಗೆ ಹೋಯಿತು. ಒಳಗೆ ಹೊಗೆಯ ಎಳೆಯೂ ಇಲ್ಲ, ಶಾಖ ಮಾತ್ರ.

ದೀಪ ಹಚ್ಚುವ ಹೊತ್ತಿಗೆ ಥರ್ಮಾಮೀಟರು ಇಪ್ಪತ್ತೈದಕ್ಕೆ ಬಂತು. ಅವರು ಅದನ್ನು ಎಲ್ಲರಿಗೂ ತೋರಿಸಿದರು. ಓದಲು ಬಾರದವರಿಗೂ.

ನಮ್ಮತ್ತೆ ಆಸ್ಪತ್ರೆಯಿಂದ ಮಾರನೆಯ ದಿನ ಮಧ್ಯಾಹ್ನ ಬಂದರು. ಜಗಲಿಯಲ್ಲೂ ಕೂರದೆ ನೆಟ್ಟಗೆ ಹುಳುಮನೆಗೆ ನಡೆದರು. ಹುಳುಗಳು ಆಗಷ್ಟೇ ಪೊರೆ ಕಳಚಿ ಎದ್ದಿದ್ದವು. ನಾನು ಸೊಪ್ಪು ಹಾಕಿದ್ದೆ. ಸಾವಿರಾರು ಬಾಯಿ ಒಟ್ಟಿಗೆ ಸೊಪ್ಪು ಕಡಿಯುವ ಸದ್ದು ಹೆಂಚಿನ ಮೇಲೆ ಸೋನೆ ಬಿದ್ದ ಹಾಗೆ ಕೇಳುತ್ತದೆ. ನಮ್ಮತ್ತೆ ಗೋಡೆ ಹಿಡಿದು ನಿಂತು ಅದನ್ನು ಕೇಳಿದರು. ಕಿಟಕಿಯ ಪಕ್ಕದ ಎರಡು ತಟ್ಟೆ ಹುಳು ಮಾತ್ರ ಏಳಲಿಲ್ಲ. ಡಮಾನ್ ಸಾರು ಅವುಗಳನ್ನು ತಾವೇ ಸುಣ್ಣ ಹಾಕಿ ಹೂತು ಬಂದು, ಆ ದಿನ ಊಟ ಮಾಡಲಿಲ್ಲ. ಮಿಕ್ಕವು ಮೇವು ಸಾಕಾಗಿ ಹಣ್ಣಾಗಿ, ಗೂಡಿಗೆಂದೇ ಹೆಣೆದ ಬಿದಿರಿನ ಚಂದ್ರಿಕೆ ಹತ್ತಿ, ಗೂಡು ಕಟ್ಟಿದವು.

ಆ ಒಲೆ ಬಂದ ಮೇಲೆ ಅವರು ತಮ್ಮ ಕೋಣೆಯಲ್ಲಿ ಇರುವುದೇ ಕಡಿಮೆಯಾಯಿತು. ಹುಳುಗಳ ಉಸ್ತುವಾರಿ ಎಂಬ ನೆಪ. ನೋಟುಬುಕ್ಕು ಹಿಡಿದು ಒಲೆಯ ಪಕ್ಕ ಕೂತರೆ ಹತ್ತು ನಿಮಿಷಕ್ಕೆ ಗೊರಕೆ. "ನೋಡಮ್ಮಿ, ಇದೊಂದು ಹುಳ ಜ್ವರುಕ್ ಕೂತೈತೆ. ಎಬ್ಬುಸ್ಬ್ಯಾಡ" ಎಂದು ನಮ್ಮತ್ತೆ ನನಗೆ ಸನ್ನೆ ಮಾಡುತ್ತಿದ್ದರು.

ಯುಗಾದಿಗೆ ಊರಿಗೆ ಹೋದವರು ಆ ಸಲ ಮೊದಲು ನೋಡಿದ ಹೆಣ್ಣನ್ನೇ ಒಪ್ಪಿಕೊಂಡು ಬಂದರು. ಅದಕ್ಕೆ ಕಾರಣ ತಾವೇ ಎಂದು ನಮ್ಮತ್ತೆ ಸಾಯುವವರೆಗೂ ಹೇಳಿಕೊಂಡರು. ಆದರೆ ಸಂಸಾರ ಹೂಡುವ ಮುಂಚೆಯೇ ವರ್ಗವಾಯಿತು. ಎಲ್ಲಿಗೆ? ಕೊಡಗಿಗೆ. ಆರ್ಡರು ಓದಿ ಅವರ ಮುಖ ಬಿಳುಚಿಕೊಂಡಿತು. ನಮ್ಮತ್ತೆಗೆ ನಗು ಬಂತು, ನಗುತ್ತಲೇ ಅಳು ಬಂತು. ಒಂದು ಚೀಲ ಉಂಡೆ ಕಟ್ಟಿಕೊಟ್ಟು ಬಸ್ಸು ಹತ್ತಿಸಿದರು.

ಅವರು ಹೋದ ಮೇಲೆ ನಮ್ಮತ್ತೆ ಒಂದು ಕೆಲಸ ಹಿಡಿದರು. ಚಳಿಗಾಲ ಬಂದರೆ ಊರಿನ ಹುಳುಮನೆಗಳಿಗೆಲ್ಲ ಹೋಗಿ ಬಾಗಿಲು ತಳ್ಳಿ ನೋಡುವುದು. ಎಲ್ಲಾದರೂ ಕೆಂಡದ ಬಾಂಡ್ಲಿ ಕಂಡರೆ ತಾವೇ ಎತ್ತಿ ಹೊರಗಿಡುವುದು. "ನಾನ್ ಸತ್ತು ಬಂದೀನಿ ಕಣ್ರವ್ವ, ನನ್ನ್ ಕೇಳಿ" ಅನ್ನುತ್ತಿದ್ದರು. ಆ ಮಾತಿಗೆ ಎದುರಾಡುವವರು ಯಾರು? ತಗಡಿನ ಸಾಬರು ನಮ್ಮ ಹೋಬಳಿಗೆ ಎಷ್ಟು ಒಲೆ ಮಾಡಿದರೋ ನಾನು ಲೆಕ್ಕ ಇಟ್ಟಿಲ್ಲ. ನಮ್ಮತ್ತೆ ಮೊಮ್ಮಕ್ಕಳ ಮದುವೆ ನೋಡಿಕೊಂಡೇ ಹೋದರು.

ನಂಬರು ಸಿಕ್ಕಿ ಎಂಟು ದಿನ ನಾನು ಫೋನ್ ಮಾಡಲಿಲ್ಲ. ಗುರುತಿಲ್ಲದ ಹೆಂಗಸಿಗೆ ಏನೆಂದು ಹೇಳುವುದು? ಒಂಬತ್ತನೆಯ ದಿನ ಮಾಡಿದೆ. ಅವರ ಹೆಂಡತಿಯೇ ಎತ್ತಿದರು. ನಾನು ಇಂಥವಳು, ಇಂಥ ಊರು, ನಿಮ್ಮವರು ನಮ್ಮತ್ತೆಯ ಜೀವ ಉಳಿಸಿದವರು ಎಂದು, ಆ ಬೆಳಗಿನ ಕಥೆಯನ್ನೆಲ್ಲ ಹೇಳಿದೆ.

"ಇದನ್ನ ಅವರು ನನ್ನ ಮುಂದ ಹೇಳೇ ಇಲ್ಲಲ್ರೀ" ಅಂದರು ಆಕೆ. "ಇಷ್ಟು ವರ್ಷ ಸಂಸಾರ ಮಾಡೀನಿ. ನಿಮ್ಮೂರಿನ ಸುದ್ದಿ ಕೇಳಿದ್ರ, ಚಲೋ ಮಂದಿ ಅಂತಿದ್ರು, ಅಷ್ಟ."

ಮೂಗೊರೆಸಿಕೊಂಡ ಸದ್ದು.

"ಅಕ್ಕಾರ, ಒಂದೀಟು ತಡೀರಿ. ಮಗಳು ಒಳಗದಾಳ, ಕರೀತೀನಿ. ಆಕೀನೂ ಕೇಳಬೇಕು. ಮೊದಲಿಂದ ಹೇಳ್ತೀರೇನು?"

ಹೆಜ್ಜೆಯ ಸದ್ದು ಹತ್ತಿರ ಬಂತು. ಎರಡು ಉಸಿರು ಫೋನಿಗೆ ಕಿವಿಯಿಟ್ಟದ್ದು ನನಗೆ ಕೇಳಿಸಿತು. ನಾನು ಕುರ್ಚಿ ಎಳೆದುಕೊಂಡು ಕೂತು ಹೇಳತೊಡಗಿದೆ.